ಒಡಪಿನಲ್ಲಿ ಬಂದ ಹೆಸರು

ಧಾರವಾಡ
೧೦ ಅಕ್ಟೋಬರ್ ೨೦೦೫

ಧನಶ್ರೀಗೆ ಅಕ್ಕೋರ ಆಶೀರ್ವಾದ.

ಕ್ಷೇಮ ಸಮಾಚಾರ ಆಮೇಲೆ, ಮೊದಲು ಕೆಲಸ. ಜನವರಿ ಸಂಚಿಕೆಗೆ ಎಂದಿನಂತೆ ‘ವರ್ಷದ ಖುಷಿ’ ಬೇಕು. ಈ ವರ್ಷ ಏನು ನೋಡಿದೆ, ಏನು ಕೇಳಿದೆ, ಯಾವುದು ನಿನ್ನನ್ನು ಹಿಡಿದು ಬರೆಯಲು ಕೂರಿಸಿತು, ಅಷ್ಟೇ. ಮೂರು ಪುಟ ಸಾಕು. ಹೋದ ವರ್ಷ ‘ಈ ಸಲ ಏನೂ ಇಲ್ಲ ಅಕ್ಕೋರೆ’ ಎಂದು ಒಂದು ಕಾರ್ಡು ಗೀಚಿ ಕಳಿಸಿದ್ದೆ. ಅದರ ಹಿಂದಿನ ವರ್ಷ ಕಾರ್ಡೂ ಇರಲಿಲ್ಲ. ನೀನು ಒಂದು ಕಥೆ ಬರೆದು ಎರಡು ವರ್ಷ ದಾಟಿತು. ಏಳನೆಯ ಇಯತ್ತೆಯಲ್ಲಿ ನಿಬಂಧ ಬರೆಯದೆ ಬಂದ ದಿನವೂ ಹೀಗೆಯೇ ಕಣ್ಣು ತಪ್ಪಿಸುತ್ತಿದ್ದೆ. ಆಗ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಈಗ ಗೋವಾದವರೆಗೆ ಬಂದು ನಿಲ್ಲಿಸಲು ನನ್ನ ಮೊಣಕಾಲು ಒಪ್ಪುವುದಿಲ್ಲ.

ಪತ್ರಿಕೆ ಹೇಗೋ ನಡೆದಿದೆ. ನಮ್ಮವರು ಹೋದ ಮೇಲೆ ಪ್ರೂಫ್ ನೋಡುವ ಕೆಲಸವೂ ನನ್ನ ಪಾಲಿಗೇ ಬಂದು ಹನ್ನೊಂದು ವರ್ಷವಾಯಿತು. ಕಣ್ಣು ಇನ್ನೂ ನೆಟ್ಟಗಿವೆ. ಕಿವಿಯದೇ ತಕರಾರು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ದೀರ್ಘ ರಜೆಯ ಮೇಲಿದೆ. ಆದ್ದರಿಂದ ಫೋನು ಮಾಡಬೇಡ, ಕಾಗದ ಬರೆ. ನೀನೂ ಸುಧೀರನೂ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ.

ಅಂಬಾಬಾಯಿ


ಸಡಾ, ಗೋವಾ
೬ ನವೆಂಬರ್ ೨೦೦೫

ಅಕ್ಕೋರಿಗೆ ನಮಸ್ಕಾರ.

ಬೆಂಚಿನ ಮೇಲೆ ನಿಂತುಕೊಂಡೇ ಬರೆಯುತ್ತಿದ್ದೇನೆ ಎಂದು ತಿಳಿಯಿರಿ. ಲೇಖನ ಜೊತೆಗಿದೆ. ಮೂರು ಪುಟ ಕೇಳಿದ್ದಿರಿ, ಏಳು ಆಗಿವೆ. ಬೈಯುವ ಮುಂಚೆ ಓದಿ.

ಈ ವರ್ಷದ ಮೊದಲ ಖುಷಿ ಮಾರ್ಚಿನಲ್ಲಿ ಸಿಕ್ಕಿತು. ಪಕ್ಕದ ಮನೆಯವರು ನಮ್ಮನ್ನು ಮಡಗಾಂವಿಗೆ ತಿಯಾತ್ರ ನೋಡಲು ಎಳೆದುಕೊಂಡು ಹೋದರು. ತಿಯಾತ್ರ ಎಂದರೆ ಇಲ್ಲಿಯವರ ಕೊಂಕಣಿ ನಾಟಕ. ನಾಟಕದಲ್ಲಿ ತಾಯಿ ಸತ್ತಳು, ಪರದೆ ಬಿತ್ತು, ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಸೂಟು ತೊಟ್ಟವನೊಬ್ಬ ಪರದೆಯ ಮುಂದೆ ಬಂದು, ಕಥೆಗೆ ಸಂಬಂಧವೇ ಇಲ್ಲದಂತೆ, ರಸ್ತೆಯ ಹೊಂಡಗಳ ಮೇಲೆ ಒಂದು ಹಾಡು ಹಾಡಿದ. ಸಭೆ ಸೀಟಿ ಹೊಡೆದು ಇನ್ನೊಮ್ಮೆ ಹಾಡಿಸಿತು. ಪರದೆಯ ಹಿಂದೆ ಹೆಣ, ಮುಂದೆ ಹೊಂಡ. ಪ್ರತಿ ಅಂಕದ ನಡುವೆ ಹೀಗೆ ಎರಡು ಮೂರು ಹಾಡು ಇರಲೇಬೇಕಂತೆ. ಕಥೆಯನ್ನು ನಿಲ್ಲಿಸಿ ಬೇರೆ ಮಾತಾಡುವ ಈ ಧೈರ್ಯ ನನಗೆ ಯಾಕೆ ಬರಲಿಲ್ಲ ಎಂದು ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ಇವರು ಮಾತ್ರ ಹೆಣ ಬಿದ್ದಾಗಲೂ ಹಾಡು ಬಂದಾಗಲೂ ನಿದ್ದೆಯಲ್ಲೇ ಇದ್ದರು.

ಎರಡನೆಯದು ಚೌತಿಯಲ್ಲಿ, ಫೋಂಡಾ ಕಡೆಯ ಒಂದು ಮನೆಯಲ್ಲಿ. ಅಲ್ಲಿ ಆರತಿಗೆ ಘುಮಟ ಬಾರಿಸುತ್ತಾರೆ. ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಹಿಂದಿನ ಬಾಯಿಯನ್ನು ಅಂಗೈಯಿಂದ ಮುಚ್ಚುತ್ತ ತೆಗೆಯುತ್ತ ಬಾರಿಸಬೇಕು. ಮಡಕೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಅಪ್ಪಿಕೊಂಡೇ ಬಾರಿಸುತ್ತಾರೆ. ಎರಡು ತಾಸು ಆರತಿ ನಡೆಯಿತು. ಪ್ರಸಾದ ಆರಿ ತಣ್ಣಗಾಯಿತು, ಯಾರೂ ಗೊಣಗಲಿಲ್ಲ.

ಇವೆರಡೂ ಕಣ್ಣಿಗೆ ಕಿವಿಗೆ ಹಬ್ಬ, ನಿಜ. ಆದರೆ ನನ್ನನ್ನು ಹಿಡಿದು ಬರೆಯಲು ಕೂರಿಸಿದವಳು ಶಿವವ್ವ. ನಮ್ಮ ಬಂದರಿನ ಕಾಲನಿಯ ಹಿಂದೆ ಗುಡ್ಡ ಕುಸಿಯದಂತೆ ಗೋಡೆ ಕಟ್ಟುತ್ತಿದ್ದಾರೆ. ಅಲ್ಲಿ ಕಲ್ಲು ಹೊರಲು ಬರುವ ಹೆಂಗಸು. ಊರು ಬಾದಾಮಿ ಕಡೆ, ಇರುವುದು ಇಲ್ಲೇ ಗುಡ್ಡದ ಕೆಳಗಿನ ಮನೆಗಳ ಸಾಲಿನಲ್ಲಿ. ಬುತ್ತಿ ಬಿಚ್ಚಲು ನಮ್ಮ ಹಿತ್ತಲ ಕಟ್ಟೆಗೆ ಬರುತ್ತಾಳೆ. ಒಂದು ದಿನ ನಾನು ನನ್ನ ಮದುವೆಯ ಹಳೆಯ ಫೋಟೋ ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಬಾಗಲದಾಗ ನಿಂದ್ರಿಸಿ ಹೆಸರ ಕೇಳಿದಾಗ ಏನಂತ ಒಡಪ ಹೇಳಿದ್ರಿ ಬಾಯಾರ?” ನನಗೆ ನೆನಪಿರಲಿಲ್ಲ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ನಮ್ಮ ಹೆಂಗಸರು ಅದನ್ನು ಪ್ರಾಸದೊಳಗೆ ಅಡಗಿಸಿ ಹೇಳುವ ಮೂರು ಸಾಲು, ಅದನ್ನೇ ಮರೆತಿದ್ದೆ. “ಮರ್ತ್ರ ಏನಾತು, ಹೊಸಾದು ಕಟ್ಟೂಣು” ಎಂದಳು. ರೊಟ್ಟಿ ಮುರಿಯುತ್ತ ಹನ್ನೆರಡು ಒಡಪು ಹೇಳಿದಳು. ಎಲ್ಲವೂ ಅವಳೇ ಕಟ್ಟಿದ್ದು. ಕ್ರೇನು, ಕಬ್ಬಿಣದ ಅದಿರು ತುಂಬುವ ಹಡಗು, ನಳದ ಸರದಿ, ಪಾವ್ ಬ್ರೆಡ್ಡು ಮಾರುವವನ ಸೈಕಲ್ಲು, ಎಲ್ಲ ಬರುತ್ತವೆ. ಹೆಸರು ಬರುವ ಜಾಗದಲ್ಲಿ ‘ಇಂಥವರು’ ಎಂದು ಹಾರಿಸಿಬಿಡುತ್ತಿದ್ದಳು. ಒಂದೇ ಒಂದರಲ್ಲಿ ಹೆಸರು ಬಂತು:

ಕಬ್ಬಿಣದ ಕೆಂಪ ಧೂಳ ಕುಂತೈತಿ ಕೊಡದ ಮ್ಯಾಲ,
ಎಷ್ಟ ತೊಳದ್ರೂ ಉಳದೈತಿ ಸೆರಗಿನ ಮ್ಯಾಲ,
ಬೆರಳಿಲೆ ಬರದೇನಿ ಗುರುಲಿಂಗನ ಹೆಸರ ಅದ ಧೂಳಿನ ಮ್ಯಾಲ.

ಹೇಳಿದವಳೇ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಕ್ಕೋರೆ, ಆ ನಗು ಕಂಡ ಮಧ್ಯಾಹ್ನವೇ ನಾನು ಎರಡು ವರ್ಷದಿಂದ ಮುಟ್ಟದ ಕಥೆಯ ಕಟ್ಟು ಬಿಚ್ಚಿದೆ. ಹನ್ನೊಂದು ಪುಟ ಬರೆದಿದ್ದೇನೆ. ಹೇಳಿಕೊಳ್ಳಲು ನಾಚಿಕೆ, ಹೇಳದಿರಲು ಆಗುತ್ತಿಲ್ಲ.

ನಿಮ್ಮ ವಿದ್ಯಾರ್ಥಿನಿ
ಧನಶ್ರೀ


ಧಾರವಾಡ
೧೮ ನವೆಂಬರ್ ೨೦೦೫

ಧನಶ್ರೀ,

ಲೇಖನ ತಲುಪಿತು. ಹನ್ನೊಂದು ಪುಟದ ಸುದ್ದಿ ಓದಿ ಒಂದು ಕಪ್ ಚಹಾ ಜಾಸ್ತಿ ಕುಡಿದೆ, ಅಷ್ಟೇ ಹೇಳುತ್ತೇನೆ. ಹೆಚ್ಚು ಹೊಗಳಿದರೆ ನೀನು ಹನ್ನೆರಡನೆಯ ಪುಟ ಬರೆಯುವುದಿಲ್ಲ.

ಈಗ ಜಗಳ. ಏಳು ಪುಟದಲ್ಲಿ ಮೂರೂವರೆ ಒಡಪಿಗೇ ಹೋಗಿವೆ. ಒಡಪು ಎಂದರೆ ಅರಿಷಿಣ ಕುಂಕುಮಕ್ಕೆ ಸೇರಿದ ಹೆಂಗಸರು ಹಲ್ಲು ಕಿಸಿಯಲು ಹೇಳುವುದು. ಅದನ್ನು ಕಾವ್ಯ ಎಂದು ತಲೆಯ ಮೇಲೆ ಹೊರಬೇಕೆ? ನನಗೆ ಮೊದಲಿನಿಂದಲೂ ಅದು ಸೇರುವುದಿಲ್ಲ. ಪತ್ರಿಕೆಯಲ್ಲಿ ಇಷ್ಟು ವರ್ಷ ಒಂದೂ ಒಡಪು ಹಾಕಿಲ್ಲ, ಹಾಕುವ ಮನಸ್ಸೂ ಇರಲಿಲ್ಲ. ಧೂಳಿನ ಒಡಪು ಮಾತ್ರ ಎರಡು ಸಲ ಓದಿದೆ. ಅದಿರಲಿ.

ಹಾಕುವುದಾದರೆ ಸರಿಯಾಗಿ ಹಾಕೋಣ. ‘ಶಿವವ್ವನೆಂಬ ಒಬ್ಬ ಹೆಣ್ಣುಮಗಳು’ ಎಂದು ಬರೆದಿದ್ದೀಯ. ಹೀಗೆ ಬರೆದರೆ ನೀನೇ ಕಟ್ಟಿದ್ದು ಎನ್ನುತ್ತಾರೆ. ಅವಳು ಯಾರು, ಎಲ್ಲಿರುತ್ತಾಳೆ, ಗಂಡ ಏನು ಮಾಡುತ್ತಾನೆ, ಎಲ್ಲ ಸ್ಪಷ್ಟವಾಗಿ ಸೇರಿಸಿ ಕಳಿಸು. ಓದುಗರಿಗೆ ಜೀವಂತ ಮನುಷ್ಯರು ಬೇಕು.

ಅಂಬಾಬಾಯಿ


ಸಡಾ
೨೭ ನವೆಂಬರ್ ೨೦೦೫

ಅಕ್ಕೋರಿಗೆ ನಮಸ್ಕಾರ.

ತಿದ್ದಿದ ಪುಟ ಜೊತೆಗಿದೆ. ಧೂಳಿನ ಒಡಪಿನ ಕೆಳಗೆ ಹೀಗೆ ಸೇರಿಸಿದ್ದೇನೆ: ‘ಇದು ಸಡಾ ಗುಡ್ಡದ ಕೆಳಗಿನ ಸಾಲಿನ ಶಿವವ್ವ ತನ್ನ ಗಂಡನ ಹೆಸರಿಟ್ಟು ಹೇಳಿದ್ದು. ಗಂಡ ಗುರುಲಿಂಗ ಕುಂಡಯಿಯ ಕಾರ್ಖಾನೆಯಲ್ಲಿದ್ದಾನೆ. ಶನಿವಾರ ಬಂದು ಸೋಮವಾರ ಹೋಗುತ್ತಾನೆ. ವಾರವಿಡೀ ಕಾಯುವ ಹೆಂಡತಿಗೆ ಬೆರಳೇ ಲೇಖನಿ.’ ಕೊನೆಯ ಸಾಲು ಸ್ವಲ್ಪ ಮೆರೆಯಿತು ಅನ್ನಿಸಿದರೆ ತೆಗೆಯಿರಿ.

ಗಂಡ ಕುಂಡಯಿಯಲ್ಲಿರುವುದು ಅವಳೇ ಹೇಳಿದ್ದು. ಹೆಸರು ಕೇಳುವ ಪ್ರಸಂಗವೇ ಬರಲಿಲ್ಲ. ಒಡಪಿನಲ್ಲೇ ಬಂತಲ್ಲ. ಹೆಂಗಸು ಒಡಪಿನಲ್ಲಿ ಯಾರ ಹೆಸರು ಹೇಳುತ್ತಾಳೆ ಎಂದು ಧಾರವಾಡದಲ್ಲಿ ಹುಟ್ಟಿದ ನನಗೆ ಯಾರಾದರೂ ಕಲಿಸಬೇಕೆ?

ಕಥೆ ಹತ್ತೊಂಬತ್ತನೆಯ ಪುಟದಲ್ಲಿದೆ.

ಧನಶ್ರೀ


ಧಾರವಾಡ
೧೪ ಜನವರಿ ೨೦೦೬

ಧನಶ್ರೀ,

ಸಂಕ್ರಾಂತಿಯ ಕುಸುರೆಳ್ಳಿನ ಜೊತೆಗೆ ಸಂಚಿಕೆಯನ್ನೂ ಕಳಿಸಿದ್ದೇನೆ. ಇರುವೆ ಹತ್ತುವ ಮುಂಚೆ ಎರಡನ್ನೂ ಬಿಚ್ಚು. ಈ ಸಲದ ‘ವರ್ಷದ ಖುಷಿ’ಯಲ್ಲಿ ಹದಿಮೂರು ಜನ ಬರೆದಿದ್ದಾರೆ. ಮೆಚ್ಚಿಗೆ ಬಂದದ್ದೆಲ್ಲ ನಿನ್ನ ಶಿವವ್ವನಿಗೆ. ಹಾವೇರಿಯ ಒಬ್ಬ ಮಾಸ್ತರರು ಧೂಳಿನ ಒಡಪನ್ನು ಬೋರ್ಡಿನ ಮೇಲೆ ಬರೆಸಿದರಂತೆ. ನಾನು ಅದನ್ನು ಚೌಕಟ್ಟಿನೊಳಗೆ, ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ಸೋತವರು ಹೀಗೆ ಸೋಲಬೇಕು.

ನಿಮ್ಮ ವಾಸ್ಕೋದ ಕನ್ನಡ ಸಂಘದ ವಾಚನಾಲಯಕ್ಕೂ ಐದು ಪ್ರತಿ ಹೋಗಿವೆ. ಅವಳಿಗೆ ಓದಿ ತೋರಿಸು. ಏನಂದಳು ಎಂದು ಬರೆ.

ಅಂಬಾಬಾಯಿ


ಧಾರವಾಡ
೫ ಫೆಬ್ರುವರಿ ೨೦೦೬

ಧನಶ್ರೀ,

ಮೂರು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಕಾರಣ ಗೊತ್ತು. ಘುಮಟದ ಪ್ಯಾರಾ ಕತ್ತರಿಸಿದ್ದಕ್ಕೆ ಮುನಿಸಿಕೊಂಡಿದ್ದೀಯ. ಜಾಗ ಇರಲಿಲ್ಲ ಮಾರಾಯಳೇ. ಒಂದೋ ಮಡಕೆ ಹೋಗಬೇಕಿತ್ತು, ಇಲ್ಲ ಶಿವವ್ವ ಹೋಗಬೇಕಿತ್ತು. ಮುಂದಿನ ಸಂಚಿಕೆಯಲ್ಲಿ ಘುಮಟವನ್ನೇ ಪ್ರತ್ಯೇಕವಾಗಿ ಹಾಕುತ್ತೇನೆ. ಸಿಟ್ಟು ಬಿಟ್ಟು ಬರೆ. ಕಥೆ ಎಷ್ಟನೆಯ ಪುಟಕ್ಕೆ ಬಂತು?

ಅಂಬಾಬಾಯಿ


ಸಡಾ
೧೧ ಫೆಬ್ರುವರಿ ೨೦೦೬

ಅಕ್ಕೋರೆ,

ಘುಮಟ ಅಲ್ಲ. ಅದನ್ನು ನೀವು ಕತ್ತರಿಸಿದ್ದನ್ನು ನಾನು ಗಮನಿಸಿಯೂ ಇಲ್ಲ. ನಿಮಗೆ ಬರೆಯಲು ಮೂರು ಸಲ ಕೂತು ಮೂರು ಸಲ ಎದ್ದೆ. ಈಗ ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಗುರುಲಿಂಗ ಶಿವವ್ವನ ಗಂಡನಲ್ಲ.

ಸಂಚಿಕೆ ಬಂದ ದಿನವೇ ಓಡಿಹೋಗಿ ಕಟ್ಟೆಯ ಮೇಲೆ ಅವಳಿಗೆ ಓದಿ ಹೇಳಿದೆ. ಚೌಕಟ್ಟು ತೋರಿಸಿದೆ. ಅವಳು ಮೊದಲು ನಕ್ಕಳು. ‘ಗಂಡ ಗುರುಲಿಂಗ’ ಎಂದು ಓದಿದಾಗ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು.

“ಬಾಯಾರ, ಗುರುಲಿಂಗ ಅಂದ್ರ ಮಗ್ಗಲ ಮನಿ ಜಯಶ್ರೀ ಗಂಡರಿ. ಬಂದರದಾಗ ಹಮಾಲಿ ಮಾಡತಾನ. ಆಕೀಗೆ ಕಟ್ಟಿ ಕೊಟ್ಟಿದ್ದೆನ್ರಿ ಅದನ್ನ.”

ನಾನು ಕೇಳಿದೆ: “ಮತ್ತೆ ನೀನು ಹೆಸರು ಹಾಕಿ ಹೇಳಿದೆಯಲ್ಲ?”

“ಆ ಹೆಸರ ತಗದ್ರ ಅದು ನಿಂದ್ರೂದಿಲ್ರಿ, ಸಾಲ ಮುರೀತೈತಿ. ನಾ ನಿಮಗ ಪದಾ ಹೇಳೇನ್ರಿ, ಗಂಡನ ಹೆಸರ ಹೇಳಿಲ್ಲ.”

ನೋಡಿ ಅಕ್ಕೋರೆ, ಸಡಾದ ಕೆಳಗಿನ ಸಾಲಿನಲ್ಲಿ ಯಾವ ಮನೆಯಲ್ಲಿ ಮದುವೆ, ಬಸುರಿಯ ಕುಬಸ, ತೊಟ್ಟಿಲು ಇದ್ದರೂ ಹಿಂದಿನ ದಿನ ಹೆಂಗಸರು ಗುಟ್ಟಾಗಿ ಶಿವವ್ವನ ಹತ್ತಿರ ಬಂದು ಒಡಪು ಕಟ್ಟಿಸಿಕೊಂಡು ಹೋಗುತ್ತಾರಂತೆ. ಉಸ್ಮಾನನ ಹೆಸರಿಟ್ಟು ಅಖ್ತರಬಾನುವಿಗೂ ಕಟ್ಟಿಕೊಟ್ಟಿದ್ದಾಳೆ. ಅದೂ ಅವತ್ತು ಹೆಸರಿನ ಸಮೇತ ಬಂದಿದ್ದರೆ ನಾನು ಅವಳಿಗೆ ಇಬ್ಬರು ಗಂಡಂದಿರನ್ನು ಅಚ್ಚು ಹಾಕಿಸುತ್ತಿದ್ದೆನೋ ಏನೋ. ಒಡಪಿನ ಸಂಪ್ರದಾಯ ಗೊತ್ತಿಲ್ಲದ ಪರದೇಶಿ ಯಾರಾದರೂ ಬಂದಿದ್ದರೆ ‘ಗುರುಲಿಂಗ ಯಾರು’ ಎಂದು ಕೇಳುತ್ತಿದ್ದ. ನನಗೆ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಕಾಲಿಗೆ ಬಿದ್ದು ಬರುತ್ತಿದ್ದೆ. ಅವಳ ಗಂಡನ ಹೆಸರು ಗಂಗಪ್ಪ. ಕುಂಡಯಿಯಲ್ಲಿ ಅವನ ಕೋಣೆಯಲ್ಲಿ ಗೋಪಪ್ಪ ಎಂಬವನಿದ್ದಾನೆ. ವಾಚನಾಲಯದಿಂದ ಕನ್ನಡದ್ದು ಏನು ಸಿಕ್ಕರೂ ತಂದು ರಾತ್ರಿ ಊಟವಾದ ಮೇಲೆ ಹತ್ತು ಜನರಿಗೆ ಗಟ್ಟಿಯಾಗಿ ಓದುತ್ತಾನೆ. ಅವನು ಇದನ್ನೂ ಓದಿದ. ಸಡಾ, ಶಿವವ್ವ, ಕುಂಡಯಿ, ಗಂಡ ಗುರುಲಿಂಗ. ಕೇಳುತ್ತ ಕೂತವರಲ್ಲಿ ಗಂಗಪ್ಪನೂ ಇದ್ದ. ಅವನು ಎದ್ದು ಹೊರಗೆ ಹೋದನಂತೆ. ಆಮೇಲೆ ಮೂರು ಶನಿವಾರ ಬಂದಿಲ್ಲ. ಇವತ್ತು ನಾಲ್ಕನೆಯದು.

ಜಯಶ್ರೀ ‘ನನ್ನ ಕುಬಸಕ್ಕೆ ಇಟ್ಟುಕೊಂಡದ್ದನ್ನು ಪೇಪರಿಗೆ ಹಾಕಿಸಿದಿ’ ಎಂದು ಶಿವವ್ವನ ಜೊತೆ ಮಾತು ಬಿಟ್ಟಿದ್ದಾಳೆ. ಶಿವವ್ವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಈಗ ಬುತ್ತಿಯನ್ನು ಗೋಡೆಯ ಹತ್ತಿರವೇ ಬಿಚ್ಚುತ್ತಾಳೆ, ಕಟ್ಟೆಗೆ ಬರುವುದಿಲ್ಲ. ಒಂದೂ ಒಡಪು ಕಟ್ಟುತ್ತಿಲ್ಲವಂತೆ.

ಕಥೆ ಮೂವತ್ತೊಂದನೆಯ ಪುಟಕ್ಕೆ ನಿಂತಿದೆ. ಇನ್ನು ಮುಂದುವರಿಸುವುದಿಲ್ಲ. ಒಬ್ಬಳ ಮನೆ ಮುರಿದು ನಾನು ಕಥೆ ಬರೆಯುವುದು ಬೇಡ.

ಧನಶ್ರೀ


ಧಾರವಾಡ
೧೫ ಫೆಬ್ರುವರಿ ೨೦೦೬

ಧನಶ್ರೀ,

ನಿನ್ನ ಕಾಗದ ಈಗ ಮಧ್ಯಾಹ್ನ ಬಂತು. ಈಗಲೇ ಬರೆದು ಸಂಜೆಯ ಟಪಾಲಿಗೆ ಹಾಕುತ್ತಿದ್ದೇನೆ.

ತಪ್ಪು ಅರ್ಧ ನಿನ್ನದು. ಇನ್ನರ್ಧ ನನ್ನದು, ಅದನ್ನು ಹೊತ್ತುಕೊಳ್ಳಲು ನನಗೆ ಯಾರ ಸಹಾಯವೂ ಬೇಡ. ಊರು, ಸಾಲು, ಗಂಡನ ಕೆಲಸ, ಎಲ್ಲ ಸೇರಿಸು ಎಂದವಳು ನಾನು. ದಪ್ಪ ಅಕ್ಷರ ನನ್ನದು, ಚೌಕಟ್ಟೂ ನನ್ನದು. ಇನ್ನೊಂದು ಮಾತನ್ನು ಮುಚ್ಚಿಟ್ಟಿದ್ದೆ. ಪ್ರೂಫ್ ನೋಡುವಾಗ ಆ ಹೆಸರಿನ ಮುಂದೆ ಪೆನ್ಸಿಲ್ಲಿನಿಂದ ಪ್ರಶ್ನೆಯ ಚಿಹ್ನೆ ಹಾಕಿದ್ದೆ. ಹನ್ನೊಂದರಲ್ಲಿ ಹೆಸರು ಹಾರಿಸಿದವಳು ಹನ್ನೆರಡನೆಯದರಲ್ಲಿ ಯಾಕೆ ಹೇಳಿದಳು ಎಂದು ತಲೆಯಲ್ಲಿ ಬಂದಿತ್ತು. ಆಮೇಲೆ, ಒಡಪಿನ ವಿಷಯ, ಹೆಚ್ಚು ಕೆದಕುವುದು ಬೇಡ ಎಂದು ನಾನೇ ಒರೆಸಿದೆ. ನಲವತ್ತು ವರ್ಷ ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಕಲಿಸಿದವಳು.

ಮಾರ್ಚ್ ಸಂಚಿಕೆಯಲ್ಲಿ ತಿದ್ದುಪಡಿ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರುತ್ತದೆ. ಅಲ್ಲಿಯವರೆಗೆ ಕಾಯಬೇಡ. ಈ ರವಿವಾರ ಸುಧೀರನನ್ನು ಕರೆದುಕೊಂಡು ಕುಂಡಯಿಗೆ ಹೋಗು. ಗೋಪಪ್ಪ ಓದಿದ ಆ ಹತ್ತು ಜನರ ಮುಂದೆಯೇ ನಿಂತು ಹೇಳು. ಗುಟ್ಟಾಗಿ ಗಂಗಪ್ಪನೊಬ್ಬನಿಗೆ ಹೇಳಿದರೆ ಪ್ರಯೋಜನವಿಲ್ಲ. ಹತ್ತು ಜನರ ಮುಂದೆ ಹೋದದ್ದು ಹತ್ತು ಜನರ ಮುಂದೆಯೇ ತಿರುಗಿ ಬರಬೇಕು.

ಕಥೆ ನಿಲ್ಲಿಸುವ ಮಾತು ಈಗ ಬೇಡ. ಮೊದಲು ಬಸ್ಸು ಹಿಡಿ.

ಅಂಬಾಬಾಯಿ


ಸಡಾ
೨೮ ಫೆಬ್ರುವರಿ ೨೦೦೬

ಅಕ್ಕೋರಿಗೆ ಸಾವಿರ ನಮಸ್ಕಾರ.

ಗಂಗಪ್ಪ ಬಂದ. ಇದನ್ನು ಮೊದಲು ಹೇಳಿ ಆಮೇಲೆ ಉಳಿದದ್ದು ಬರೆಯುತ್ತೇನೆ. ಶಿವರಾತ್ರಿಯ ಹಿಂದಿನ ದಿನ, ಶನಿವಾರ ಸಂಜೆ ಬಂದ. ಒಂದು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿ ಆಚೆ ಇಟ್ಟ ಹಾಗಾಗಿದೆ. ಎರಡು ದಿನದಿಂದ ಸುಮ್ಮಸುಮ್ಮನೆ ಪಾತ್ರೆ ತೊಳೆಯುತ್ತಿದ್ದೇನೆ.

ನೀವು ಹೇಳಿದ ಹಾಗೆ ಹತ್ತೊಂಬತ್ತರ ರವಿವಾರ ಹೋದೆವು. ಇವರು ದಾರಿಯುದ್ದಕ್ಕೂ “ನೀ ಭಾಷಣಾ ಮಾಡಬ್ಯಾಡ, ಸೀದಾ ತಪ್ಪಾತು ಅನ್ನು, ಅಷ್ಟ ಸಾಕು” ಎಂದು ಹೇಳುತ್ತ ಬಂದರು. ಕಾರ್ಖಾನೆಗಳ ಹಿಂದೆ ತಗಡು ಹೊದಿಸಿದ ಕೋಣೆಗಳ ಉದ್ದನೆಯ ಸಾಲು. ರವಿವಾರವಾದ್ದರಿಂದ ಎಲ್ಲರೂ ಇದ್ದರು. ಗೋಪಪ್ಪನೇ ಚಾಪೆ ಹಾಸಿದ. ಪಾಪ, ನನಗಿಂತ ಅವನೇ ಹೆಚ್ಚು ಇಳಿದುಹೋಗಿದ್ದ. “ನಾ ಓದಬಾರದಿತ್ರಿ, ಓದಿ ಬಿಟ್ಟೆ” ಎಂದ. ನಾನು ಎದ್ದು ನಿಂತು, ಬರೆದದ್ದು ಸುಳ್ಳು, ಕೇಳದೆ ಬರೆದೆ, ಆ ಒಡಪು ಜಯಶ್ರೀಗೆ ಕಟ್ಟಿಕೊಟ್ಟದ್ದು, ಶಿವವ್ವನ ಗಂಡ ಗಂಗಪ್ಪ ಎಂದು ಹೇಳಿದೆ. ಭಾಷಣ ಮಾಡುವ ಶಕ್ತಿಯೂ ಇರಲಿಲ್ಲ.

ಗಂಗಪ್ಪ ಮೂಲೆಯಲ್ಲಿ ಕೂತಿದ್ದ. ಸಣ್ಣ ಆಳು, ದೊಡ್ಡ ಮೀಸೆ. ಎಲ್ಲ ಕೇಳಿ, “ಅದು ನನಗ ಅವತ್ತ ಗೊತ್ತಾಗೇತ್ರಿ ಬಾಯಾರ” ಎಂದ.

“ಅವತ್ತೇ ಗೊತ್ತಾಯಿತೇ?” ಎಂದೆ.

“ಗುರುಲಿಂಗ ನನ್ನ ತಮ್ಮ ಇದ್ದಂಗ್ರಿ. ಅವನ ಲಗ್ನದಾಗ ಬಾಸಿಂಗ ಕಟ್ಟಿದಾಂವ ನಾ. ಶಿವವ್ವ ಮಂದೀಗೆ ಪದಾ ಕಟ್ಟಿ ಕೊಡೂದು ನನಗ ಗೊತ್ತಿಲ್ಲೇನ್ರಿ? ನನಗ ಸಂಶೆ ಅಲ್ರಿ.”

“ಮತ್ತೆ ಮನೆಗೆ ಯಾಕೆ ಹೋಗಲಿಲ್ಲ?”

ಹತ್ತು ಜನರ ಮುಂದೆ ಹೇಳುವ ಮಾತಾಗಿರಲಿಲ್ಲ ಅದು. ಆದರೂ ಹೇಳಿದ. “ಲಗ್ನ ಆಗಿ ಹದಿನಾಕ ವರ್ಷ ಆತ್ರಿ. ಇಡೀ ಸಡಾದಾಗ ಇದ್ದ ಗಂಡಸರ ಹೆಸರೆಲ್ಲಾ ಆಕೀ ಪದದಾಗ ಬಂದಾವು. ಉಸ್ಮಾನಂದೂ ಐತಿ. ನಂದ ಒಂದ ಇಲ್ರಿ. ಗೋಪಪ್ಪ ಓದೂಮುಂದ, ನಮ್ಮಾಕೀದು ಅಂತ ಕಿವಿ ಕೊಟ್ಟ ಕುಂತಿದ್ದೆ. ಧೂಳಂದ, ಸೆರಗಂದ, ಹೆಸರ ಬಂತಂದ್ರ ಗುರುಲಿಂಗ. ಅಷ್ಟ ಚಂದಂದು ಇನ್ನೊಬ್ಬಂಗ ಕೊಟ್ಟಾಳ್ರಿ.”

ಇವರು ಅಲ್ಲೇ ನಕ್ಕುಬಿಟ್ಟರು. ನಾನು ಚಿವುಟಿದೆ. ಆದರೆ ಗೋಪಪ್ಪನೂ ನಕ್ಕ, ಉಳಿದವರೂ ನಕ್ಕರು. ಗಂಗಪ್ಪ ನಗಲಿಲ್ಲ, ಚಹಾ ತರಿಸಿದ.

ಮರುದಿನ ಗೋಡೆಯ ಹತ್ತಿರ ಹೋಗಿ ಶಿವವ್ವನಿಗೆ ಹೇಳಿದೆ. ಅವಳು ಬುಟ್ಟಿ ಇಳಿಸಿದಳು. “ಕಟ್ಟಾಕ ಕುಂತೇನ್ರಿ ಎಷ್ಟೋ ಸಲ” ಎಂದಳು. “ಮಂದೀದು ಆದ್ರ ಸಳಸಳ ಬರತೈತ್ರಿ. ಅವರ್ದು ಅಂದ್ರ, ಹೊಗಳಿದ್ರ ಸುಳ್ಳ ಅನಸ್ತೈತಿ, ಖರೇ ಹೇಳಿದ್ರ ಚಂದ ಕಾಣೂದಿಲ್ಲ. ಹಂಗ ಉಳದೈತ್ರಿ.” ನನಗೆ ಇದು ಎಷ್ಟು ಚೆನ್ನಾಗಿ ಅರ್ಥವಾಯಿತೆಂದರೆ, ಅಲ್ಲೇ ಕಲ್ಲಿನ ರಾಶಿಯ ಮೇಲೆ ಕೂತು ಅತ್ತೆ. ಎರಡು ವರ್ಷ ನನಗೂ ಆದದ್ದು ಇದೇ ಅಲ್ಲವೇ.

ಶನಿವಾರ ಅವನು ಬಂದ. ಜಯಶ್ರೀಯೇ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳಂತೆ, ಹೆಸರು ಹೇಳದೆ ಗಂಡನನ್ನು ಒಳಗೆ ಬಿಡುವುದಿಲ್ಲ ಎಂದು. ಸಾಲಿನ ಹೆಂಗಸರೆಲ್ಲ ಸೇರಿದರು. ಶಿವವ್ವ ನಿಂತ ಕಾಲ ಮೇಲೆ ಕಟ್ಟಿದಳು:

ಕುಂಡಯಿಂದ ಬರೂ ಬಸ್ಸಿನ್ಯಾಗ ಗದ್ದಲ ಭಾಳ,
ಕುಂಡ್ರಾಕ ಜಾಗಾ ಇಲ್ಲ, ನಿಂತ್ರ ತ್ರಾಸ ಭಾಳ,
ಆದ್ರೂ ಬಂದಾನ ಗಂಗಪ್ಪ, ಸಿಟ್ಟೂ ಭಾಳ, ಮಾಯಾನೂ ಭಾಳ.

ಗಂಗಪ್ಪ ಇನ್ನೊಮ್ಮೆ ಹೇಳಿಸಿದನಂತೆ. ಇದನ್ನು ಅಚ್ಚು ಹಾಕಲು ಇಬ್ಬರೂ ಒಪ್ಪಿದ್ದಾರೆ. ಈ ಸಲ ಕೇಳಿದ್ದೇನೆ, ಎರಡೆರಡು ಸಲ ಕೇಳಿದ್ದೇನೆ. ಜಯಶ್ರೀಗೆ ಕುಬಸಕ್ಕೆ ಹೊಸದೊಂದು ಆಗಿದೆ, ಅದನ್ನು ನನಗೆ ಹೇಳಲಿಲ್ಲ. ಹೇಳದಿದ್ದುದೇ ಒಳ್ಳೆಯದು.

ಇನ್ನೊಂದು ವಿಷಯ. ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ, ತಪ್ಪಾದರೆ ಕ್ಷಮಿಸಿ. ನಿನ್ನೆ ಶಿವವ್ವ ಕಟ್ಟೆಗೆ ಬಂದಳು. ಕುಂಡಯಿಗೆ ಹೋಗು ಎಂದವರು ನೀವು ಎಂದು ಹೇಳಿದೆ. “ಆ ಬಾಯಾರ ಏನ ಮಾಡತಾರ್ರಿ?” ಎಂದಳು. ಪತ್ರಿಕೆ ತರುತ್ತಾರೆ, ಎಲ್ಲರೂ ಬರೆದದ್ದರಲ್ಲಿ ತಪ್ಪು ಹುಡುಕಿ ತಿದ್ದುತ್ತಾರೆ ಎಂದೆ. “ಅವರ ಮನಿಯವರ ಹೆಸರ ಏನ್ರಿ? ಅವರಿಗೊಂದ ಕಟ್ಟತೇನಿ.” ಅವರು ಹೋಗಿ ಹನ್ನೊಂದು ವರ್ಷವಾಯಿತು ಎಂದೆ. ಹಾಗಾದರೆ ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. “ಅವರು ಹ್ವಾದ್ರ ಹೆಸರೂ ಹೋತೇನ್ರಿ?” ಎಂದಳು. ಕಟ್ಟಿಯೇಬಿಟ್ಟಳು. ಹೆಸರಿನ ಜಾಗ ಖಾಲಿ ಬಿಟ್ಟಿದ್ದಾಳೆ. ಒಬ್ಬರ ಹೆಸರನ್ನು ಇನ್ನೊಬ್ಬರು ಹಾಕಿದ್ದಕ್ಕೇ ಇಷ್ಟೆಲ್ಲ ಆಯಿತು, ಅದನ್ನು ಬಾಯಾರೇ ಹಾಕಿಕೊಳ್ಳಲಿ ಎಂದಳು.

ಮಂದಿ ಬರದ ಹಾಳ್ಯಾಗ ಹುಡುಕತೇನಿ ತಪ್ಪ,
ಕೆಂಪ ಪೆನ್ನ ಹಿಡದ್ರ ನಾ ಯಾರ್ನೂ ಬಿಡೂದಿಲ್ಲಪ್ಪ,
. . . . . . . ಹೆಸರಿನ್ಯಾಗ ಮಾತ್ರ ಸಿಕ್ಕಿಲ್ಲ ಒಂದೂ ತಪ್ಪ.

ಧನಶ್ರೀ


ಧಾರವಾಡ
೮ ಮಾರ್ಚ್ ೨೦೦೬

ಧನಶ್ರೀ,

ಗಂಗಪ್ಪ ಬಂದ ಸುದ್ದಿ ಓದಿದ ದಿನ ಹೊಟ್ಟೆ ತುಂಬ ಊಟ ಮಾಡಿದೆ. ಎರಡು ವಾರ ನನಗೂ ಊಟ ರುಚಿಸಿರಲಿಲ್ಲ, ನಿನಗೆ ಹೇಳಲಿಲ್ಲ ಅಷ್ಟೇ. ತಿದ್ದುಪಡಿಯ ಜೊತೆಗೆ ಗಂಗಪ್ಪನ ಒಡಪನ್ನೂ ಹಾಕಿದ್ದೇನೆ. ಅಚ್ಚಿನ ಮನೆಯವರು ಮೂರು ಸಲ ಓದಿ ನಕ್ಕರು. ನೀನು ಈಗ ಕಥೆಯ ಮೂವತ್ತೆರಡನೆಯ ಪುಟಕ್ಕೆ ಕೂರು.

ಇನ್ನು ಆ ಖಾಲಿ ಜಾಗದ ವಿಷಯ.

ನನಗೆ ಒಡಪು ಸೇರುವುದಿಲ್ಲ ಎಂದು ಬರೆದಿದ್ದೆ. ಅದು ಸುಳ್ಳು. ಹುಡುಗಿಯಾಗಿದ್ದಾಗ ನಮ್ಮ ಓಣಿಯಲ್ಲಿ ನನ್ನಷ್ಟು ಚುರುಕಾಗಿ ಒಡಪು ಕಟ್ಟುವವರು ಇರಲಿಲ್ಲ. ಅವರು ಹೋದ ಮರುವರ್ಷ ತಂಗಿಯ ಮಗಳ ಮದುವೆ. ಹೆಂಗಸರು ಸಾಲಾಗಿ ಕೂತಿದ್ದರು, ಒಬ್ಬೊಬ್ಬರಿಗೂ ಹೆಸರು ಹೇಳಿಸುತ್ತ ಬಂದರು. ನನ್ನ ಎಡಕ್ಕೆ ಕೂತವಳು ಹೇಳಿದಳು. ಆಮೇಲೆ ನನ್ನ ಬಲಕ್ಕೆ ಕೂತವಳನ್ನು ಕೇಳಿದರು. ಯಾರೂ ಕೆಟ್ಟ ಮನಸ್ಸಿನಿಂದ ಮಾಡಲಿಲ್ಲ. ನನಗೆ ನೋವಾಗಬಾರದೆಂದೇ ಹಾರಿಸಿದರು. ಅವತ್ತಿನಿಂದ ಯಾರ ಬಾಯಲ್ಲೂ ಆ ಹೆಸರು ಕೇಳಿಲ್ಲ. ನಾನೂ ಹೇಳಿಲ್ಲ. ‘ನಮ್ಮವರು’ ಎಂದೇ ನಡೆಸಿಕೊಂಡು ಬಂದೆ.

ನಿನ್ನೆ ಅಡುಗೆಮನೆಯಲ್ಲಿ ನಿಂತು ಶಿವವ್ವನ ಮೂರೂ ಸಾಲನ್ನು ಹೆಸರಿನ ಸಮೇತ ಗಟ್ಟಿಯಾಗಿ ಹೇಳಿದೆ. ಕಿವಿ ಹೋಗಿದೆಯಲ್ಲ, ಎಷ್ಟು ಗಟ್ಟಿಯಾಗಿ ಹೇಳಿದೆನೋ, ಪಕ್ಕದ ಮನೆಯವಳು ಏನಾಯಿತು ಬಾಯಾರ ಎಂದು ಓಡಿಬಂದಳು. ಅವಳ ಮುಂದೆ ಇನ್ನೊಮ್ಮೆ ಹೇಳಿದೆ. ಅವಳು ಅಲ್ಲೇ ಕೂತು ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಹಗುರವಾಯಿತು, ಬಹಳ ಹಗುರವಾಯಿತು.

ಸಂಪಾದಕಿಯಾಗಿ ಒಂದು ತಕರಾರು ಇದೆ ಎಂದು ಶಿವವ್ವನಿಗೆ ಹೇಳು. ಮೂರನೆಯ ಸಾಲು ನಿಜವಲ್ಲ. ಆ ಮನುಷ್ಯನಲ್ಲಿ ತಪ್ಪು ಬೇಕಾದಷ್ಟಿದ್ದವು. ಪ್ರೂಫ್ ನೋಡುತ್ತ ನಿದ್ದೆ ಹೋಗುತ್ತಿದ್ದರು. ಆದರೂ ಅದನ್ನು ತಿದ್ದುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಅವಳ ಹೆಸರಿನ ಕೆಳಗೆ, ಅವಳು ಕಟ್ಟಿಕೊಟ್ಟದ್ದು ಎಂದೇ ಹಾಕುತ್ತೇನೆ. ಅವಳು ಖಾಲಿ ಬಿಟ್ಟ ಜಾಗದಲ್ಲಿ ಎಲ್ಲರೂ ‘ವಸಂತರಾಯರ’ ಎಂದು ಓದಿಕೊಳ್ಳಲಿ.

ಅಂಬಾಬಾಯಿ